ಹಳದಿ ಚೌಕದಲ್ಲಿ ಎರಡು ಮೂಗು

ಜೂನ್ ೩

ಗುಬ್ಬಿ,

ಇಲ್ಲ, ಐವತ್ತು ಎಂ.ಎಂ. ಲೆನ್ಸೇ ಸಾಕು ಎಂದು ನೀನು ನಿನ್ನೆ ಬಸ್ಸಿನ ಕಿಟಕಿಯಿಂದ ಕೂಗಿದ್ದು ನನಗೆ ಕೇಳಿಸಿತು. ನಾನು ಕೊಟ್ಟ ಉತ್ತರ ನಿನಗೆ ಕೇಳಿಸಲಿಲ್ಲ. ತಪ್ಪು ಬಸ್ಸಿನದಲ್ಲ, ನಿನ್ನ ಕಿವಿಯದು. ಫೋನಿನಲ್ಲಿ ಹೇಳೋಣವೆಂದರೆ ನನ್ನ ವಿಷಯ ಅಕ್ಕಪಕ್ಕದ ಮನೆಯವರಿಗೆಲ್ಲ ಗೊತ್ತಾಗುತ್ತದೆ, ನಿನಗೊಬ್ಬಳಿಗೆ ಬಿಟ್ಟು. ಹೇಗೂ ಫಿಲ್ಮ್ ರೋಲನ್ನು ಅಂಚೆಗೆ ಹಾಕಲೇಬೇಕು, ಅದಕ್ಕೆ ಸುತ್ತುವ ಕಾಗದದಲ್ಲೇ ಬರೆದುಬಿಡುತ್ತೇನೆ.

ಐವತ್ತು ಸಾಕು, ಒಪ್ಪಿದೆ. ನಿಮ್ಮಕ್ಕ ಆ ಒಂದೇ ಲೆನ್ಸಿನಲ್ಲಿ ಇಷ್ಟು ವರ್ಷ ಸಂಸಾರ ಮಾಡಿದಳಲ್ಲ. ಅವಳು ತೆಗೆಯುವುದು, ನೀನು ತೊಳೆದು ಪ್ರಿಂಟು ಹಾಕುವುದು, ನಾನು ನೋಡಿ ‘ಚೆನ್ನಾಗಿದೆ’ ಎನ್ನುವುದು. ನನ್ನ ಪಾಲಿನ ಕೆಲಸ ಅಷ್ಟೇ ಇತ್ತು. ಅವಳು ಹೋದ ಮೇಲೆ ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತಿದ್ದ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿದವಳು ನೀನು. ಈಗ ಮುದುಕನಿಗೆ ಹುಚ್ಚು ಹಿಡಿದಿದೆ, ಅನುಭವಿಸು.

ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದ ಬೇರೆ ಕಿಂಡಿಯಿಂದ ನೋಡುತ್ತೇವೆ ಎಂದು ನೀನು ಮೊದಲ ದಿನ ಹೇಳಿದಾಗ, ಇದ್ಯಾವ ಸೀಮೆಯ ಕ್ಯಾಮೆರಾ, ನಮ್ಮನೆಗೆ ಬಂದವರನ್ನು ಪಕ್ಕದ ಮನೆ ಕಿಟಕಿಯಿಂದ ನೋಡಿದ ಹಾಗೆ ಎಂದುಕೊಂಡಿದ್ದೆ. ಈಗ ಅದರ ರುಚಿ ಹತ್ತಿದೆ. ಬಿಳಿಗೆರೆಯ ಚೌಕಟ್ಟಿನ ಹೊರಗೂ ಒಂದಿಷ್ಟು ಬೀದಿ ಕಾಣುತ್ತದೆ. ಯಾರು ಒಳಗೆ ಬರಲಿದ್ದಾರೆ, ಯಾರು ಜಾರಿಕೊಳ್ಳುತ್ತಿದ್ದಾರೆ ಎಲ್ಲ ಮೊದಲೇ ಗೊತ್ತಾಗುತ್ತದೆ. ಮತ್ತೆ ನಡುವಿನ ಆ ಹಳದಿ ಚೌಕ! ಅದರಲ್ಲಿ ಎರಡು ಬಿಂಬ. ಲೆನ್ಸಿನ ಬಳೆ ತಿರುಗಿಸುತ್ತ ಹೋದರೆ ಒಂದು ಮೆಲ್ಲಗೆ ಜರುಗಿ ಇನ್ನೊಂದರ ಮೇಲೆ ಕೂರುತ್ತದೆ, ಆಗಲೇ ಚಿತ್ರ ಚೂಪಾಗಿ ಬರುವುದು. ಕೂತಾಗ ಎದೆಯೊಳಗೂ ಏನೋ ಕೂತಂತಾಗುತ್ತದೆ. ‘ಸೀಯಿಂಗ್ ಈಸ್ ಬಿಲೀವಿಂಗ್’ ಎಂದು ನಮ್ಮ ಕಾಲೇಜಿನ ಮೇಷ್ಟ್ರು ಹೇಳುತ್ತಿದ್ದರು. ಅಥವಾ ‘ನಾಟ್ ಬಿಲೀವಿಂಗ್’ ಎನ್ನುತ್ತಿದ್ದರೋ ಏನೋ.

ಮೊನ್ನೆ ಕ್ಷೌರದಂಗಡಿಯವನ ಮುಂದೆ ನಿಂತು ತಿರುಗಿಸಿದೆ, ತಿರುಗಿಸಿದೆ, ಮುಗಿಯಲೇ ಇಲ್ಲ.

“ಏನ್ ಸಾರ್, ಇಷ್ಟೊತ್ತಿಗೆ ನಾನು ಎರಡು ತಲೆ ಮುಗಿಸ್ತಿದ್ದೆ” ಅಂದ.

“ನಿನಗೀಗ ಎರಡು ಮೂಗಿದೆ ಕಣಯ್ಯಾ, ಒಂದಾಗೋವರೆಗೂ ಅಲ್ಲಾಡಬೇಡ.”

“ಎರಡಿದ್ರೆ ಇರಲಿ ಬಿಡಿ, ಒಂದನ್ನ ನೀವೇ ಇಟ್ಕೊಳ್ಳಿ.”

ಆ ಚಿತ್ರ ಈ ರೋಲಿನಲ್ಲಿದೆ, ಹುಷಾರಾಗಿ ತೊಳೆ. ಇನ್ನೊಂದು ಮಾತು. ಕಿಂಡಿಗೆ ತಿರುಪಿ ಕೂರಿಸುವ, ಬಿಂಬವನ್ನು ದೊಡ್ಡದು ಮಾಡಿ ತೋರಿಸುವ ಪುಟ್ಟ ಗಾಜೊಂದು ಬರುತ್ತದಂತಲ್ಲ, ನಿನ್ನ ಸ್ಟುಡಿಯೋದ ಹಳೇ ಸಾಮಾನಿನಲ್ಲಿ ಇದ್ದರೆ ಕಳಿಸು. ಹಳದಿ ಚೌಕ ಸ್ವಲ್ಪ ಸಣ್ಣದು ಅನಿಸಿತು, ಅದಕ್ಕೆ. ಬೇರೇನಿಲ್ಲ.

ನಿನ್ನ ಭಾವ


ಜೂನ್ ೧೭

ಭಾವ,

ರೋಲು ತೊಳೆದೆ. ನನ್ನ ಕಿವಿಯ ಚಿಂತೆ ಬಿಡಿ, ಕತ್ತಲೆ ಕೋಣೆಯಲ್ಲಿ ಕೆಲಸ ಮಾಡುವವಳಿಗೆ ಕಿವಿ ಯಾಕೆ?

ದೂರದಿಂದ ತೆಗೆದವೆಲ್ಲ ಚೆನ್ನಾಗಿವೆ. ಮೇಲ್ಸೇತುವೆಯ ಮೆಟ್ಟಿಲಲ್ಲಿ ಕೊಡೆ ಹಿಡಿದ ಹೆಂಗಸು ಅಂಚಿನಿಂದ ಒಳಗೆ ಬರುತ್ತಿರುವುದಂತೂ ಅಕ್ಕ ತೆಗೆದ ಹಾಗೇ ಇದೆ, ಸುಳ್ಳು ಹೇಳುವುದಿಲ್ಲ. ಹತ್ತಿರದವು ಮಾತ್ರ ಕೈಕೊಟ್ಟಿವೆ. ಕ್ಷೌರದಂಗಡಿಯವನ ಬೆನ್ನ ಹಿಂದೆ ಇರುವ ಬೆಲೆಪಟ್ಟಿಯನ್ನು ಓದಬಹುದು, ಅವನ ಮುಖ ಮಾತ್ರ ಹಿಟ್ಟು ಕಲಸಿದ ಹಾಗಿದೆ. ಹಣ್ಣಿನ ಗಾಡಿಯದರಲ್ಲಿ ಉಲ್ಟಾ. ಹಣ್ಣು ಚೂಪು, ಹಿಂದೆ ನಿಂತ ಗಾಡಿಯವಳು ಮಬ್ಬು.

ದೊಡ್ಡದು ಮಾಡುವ ಗಾಜು ಕಳಿಸಿದ್ದೇನೆ. ಆದರೆ ಭಾವ, ಸಾಮಾನು ಕೂಡಿಸುವುದು ಹೊಸಬರ ಕಾಯಿಲೆ. ನಮ್ಮ ಸ್ಟುಡಿಯೋಗೆ ಒಬ್ಬರು ಬರುತ್ತಿದ್ದರು. ಬಣ್ಣಬಣ್ಣದ ಫಿಲ್ಟರು, ಚರ್ಮದ ಚೀಲ, ಬಿಸಿಲು ಅಳೆಯುವ ಮೀಟರು, ಭುಜಕ್ಕೆ ಮೆತ್ತನೆ ಪಟ್ಟಿ, ಎಲ್ಲ ಇತ್ತು. ಮಗಳ ಮದುವೆಯೆಲ್ಲ ತೆಗೆದು ಕ್ಯಾಮೆರಾ ತಂದುಕೊಟ್ಟರು. ಬಿಚ್ಚಿದರೆ ಒಳಗೆ ಫಿಲ್ಮೇ ಇರಲಿಲ್ಲ.

ಒಂದು ಪರೀಕ್ಷೆ ಮಾಡಿ. ಮೇಜಿನ ಮೇಲೆ ಒಂದು ಪತ್ರಿಕೆ ಹಾಸಿ, ಕ್ಯಾಮೆರಾವನ್ನು ಪುಸ್ತಕಗಳ ಮೇಲೆ ಅಲ್ಲಾಡದಂತೆ ಓರೆಯಾಗಿ ಕೂರಿಸಿ. ನಡುವಿನ ಒಂದು ಸಾಲಿಗೆ ಹಳದಿ ಚೌಕ ಹೊಂದಿಸಿ ತೆಗೆಯಿರಿ. ಪ್ರತಿಸಲ ಬಳೆ ತಿರುಗಿಸಿ ಕೆಡಿಸಿ, ಮತ್ತೆ ಹೊಂದಿಸಿ. ಕ್ಯಾಮೆರಾದ ಜೋಡಣೆ ಜರುಗಿದ್ದರೆ ತಪ್ಪು ಯಾವಾಗಲೂ ಒಂದೇ ಕಡೆಗೆ ಬೀಳುತ್ತದೆ. ಹಿಂದೆ ಒಮ್ಮೆ ಮುಂದೆ ಒಮ್ಮೆ ಬಿದ್ದರೆ ತಪ್ಪು ಕ್ಯಾಮೆರಾದ್ದಲ್ಲ.

ಗುಬ್ಬಿ


ಜುಲೈ ೫

ಗುಬ್ಬಿ,

ಪರೀಕ್ಷೆ ಮಾಡಿದೆ, ರೋಲು ಜೊತೆಯಲ್ಲಿದೆ. ನಮ್ಮ ಮನೆ ಕೆಳಗಿನ ದರ್ಜಿಯ ಅಂಗಡಿಯಲ್ಲಿ, ಅವನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಾಡಿದೆ. ನಾನು ಬಗ್ಗಿ ತಿರುಗಿಸುತ್ತ ಇರುವುದನ್ನು ಅವನು ನೋಡುವಷ್ಟು ನೋಡಿ, “ಸಾರ್, ಇವತ್ತು ಗಿರಾಕಿಗೆ ಪ್ಯಾಂಟ್ ಕೊಡಬೇಕು, ಮೇಜು ಬೇಕು. ಕೊಡಿ ಇಲ್ಲಿ” ಎಂದು ತಾನೇ ಕಣ್ಣಿಟ್ಟ. ಎರಡು ಸಲ ತಿರುಗಿಸಿ, ಎರಡು ಸಲ ಒತ್ತಿದ.

“ಅಷ್ಟು ಬೇಗ ಹೇಗಯ್ಯಾ ಆಯ್ತು?”

“ಕಾಜದೊಳಕ್ಕೆ ಗುಂಡಿ ಬಂದ ಹಾಗೆ ಬಂತು ಸಾರ್. ಇದರಲ್ಲೇನಿದೆ?”

ಅವನದು ಅದೃಷ್ಟ. ಕೊನೆಯ ಎರಡು ಅವನವು. ನನ್ನವು ಹೇಗೆ ಬಂದಿವೆಯೋ ಎಂಬ ಭಯದಲ್ಲಿ ಎರಡು ದಿನ ಊಟ ಸೇರಲಿಲ್ಲ. ಕ್ಯಾಮೆರಾ ನನ್ನ ಕೈಯಲ್ಲಿ ಕೆಟ್ಟಿತೇನೋ ಗುಬ್ಬಿ. ನಿಮ್ಮಕ್ಕನ ಕೈಯಲ್ಲಿ ಇಷ್ಟು ವರ್ಷ ಹೂವಿನ ಹಾಗಿದ್ದದ್ದು ನನ್ನ ಹತ್ತಿರ ಬಂದು ಒಂದು ಬೇಸಿಗೆ ಕಳೆಯುವುದರೊಳಗೆ ಕೆಟ್ಟರೆ ನಾನು ಯಾರಿಗೆ ಏನು ಹೇಳಲಿ? ಅಂದಹಾಗೆ, ರಿಪೇರಿಯವನಿಗೆ ತೋರಿಸಿ ಎಂದು ಮಾತ್ರ ಅನ್ನಬೇಡ, ತೋರಿಸಬೇಡಿ ಎಂದೂ ಅನ್ನಬೇಡ. ‘ಎ ಬ್ಯಾಡ್ ವರ್ಕ್‌ಮನ್ ಆಲ್ವೇಸ್…’ ಮುಂದಿನದು ಮರೆತಿದೆ, ನನಗೆ ಅನ್ವಯಿಸುವುದಿಲ್ಲ ಎಂದು ಮಾತ್ರ ನೆನಪಿದೆ.

ದೊಡ್ಡದು ಮಾಡುವ ಗಾಜಿನಿಂದ ಉಪಯೋಗವಾಗಲಿಲ್ಲ. ಎರಡು ಬಿಂಬ ಇದ್ದದ್ದು ಎರಡು ದೊಡ್ಡ ಬಿಂಬವಾಯಿತು, ಅಷ್ಟೇ. ಅದಕ್ಕೇ ಯೋಚಿಸಿದೆ, ಮೂವತ್ತೈದರ ಲೆನ್ಸು ಕಳಿಸಿಬಿಡು. ಅದು ಅಗಲಕ್ಕೆ ನೋಡುವುದಂತೆ, ಹಿಂದುಮುಂದಿನದೂ ಸಾಕಷ್ಟು ಚೂಪಾಗಿ ಬರುವುದಂತೆ. ಬೆಳಕು ಬರುವ ಲೆನ್ಸಿನ ಬಾಯಿ ಕಿರಿದು ಮಾಡಿ, ಬಳೆಯ ಮೇಲಿನ ದೂರದ ಅಂಕಿ ನೋಡಿ ಇಟ್ಟುಬಿಟ್ಟರೆ ಹಳದಿ ಚೌಕದ ಹಂಗೇ ಇರುವುದಿಲ್ಲ. ಆರಾಮ.

ಇನ್ನೆರಡು ಸಣ್ಣ ಸಾಮಾನು. ಕಿಂಡಿಯ ಸುತ್ತಲಿನ ಕಬ್ಬಿಣದ ಬಳೆ ಕನ್ನಡಕದ ಎಡಗಾಜನ್ನು ಗೀರಿಹಾಕಿದೆ, ಅದಕ್ಕೆ ಒಂದು ರಬ್ಬರ್ ಬಳೆ. ಮತ್ತೆ ಫಿಲ್ಮ್ ಎಳೆಯುವ ಹಿಡಿ ಪ್ರತಿಸಲ ನನ್ನ ಬಲಹುಬ್ಬಿಗೆ ತಿವಿಯುತ್ತದೆ. ನಿಮ್ಮಕ್ಕನಿಗೂ ತಿವಿಯುತ್ತಿತ್ತೇ? ಅವಳು ಒಂದು ದಿನವೂ ಹೇಳಲಿಲ್ಲ. ಹೇಳುವ ಪೈಕಿಯೂ ಅಲ್ಲ ಬಿಡು.

ನಿನ್ನ ಭಾವ


ಜುಲೈ ೧೬

ಭಾವ,

ಕುಣಿಯಲಾರದವಳು ನೆಲ ಡೊಂಕು ಎಂದಳು. ನಿಮ್ಮ ಇಂಗ್ಲಿಷ್ ಗಾದೆಯ ಉಳಿದರ್ಧ ಇದೇ ಇರಬೇಕು.

ದರ್ಜಿಯವನ ಎರಡೂ ಚಿತ್ರದಲ್ಲಿ ಅಕ್ಷರಗಳು ಬೆರಳಿಗೆ ಚುಚ್ಚುವಷ್ಟು ಚೂಪಾಗಿವೆ. ನಿಮ್ಮವು ಕೆಲವು ಅಷ್ಟೇ ಚೂಪು. ಕೆಲವು ಒಂದು ಗೇಣು ಮುಂದೆ, ಕೆಲವು ಒಂದು ಗೇಣು ಹಿಂದೆ. ಕ್ಯಾಮೆರಾಕ್ಕೆ ಏನೂ ಆಗಿಲ್ಲ. ನಿಮ್ಮಿಂದ ಏನೂ ಕೆಟ್ಟಿಲ್ಲ, ಊಟ ಮಾಡಿ.

ಮೂವತ್ತೈದು ಕಳಿಸಿದ್ದೇನೆ, ಬಿಸಿಲು ತಡೆಯಲು ಅದರ ಮುಂದೆ ಹಾಕುವ ನೆರಳುಬಳೆಯೂ ಇದೆ. ರಬ್ಬರೂ ಇದೆ. ಕ್ಯಾಮೆರಾದಲ್ಲಿ ಮೂವತ್ತೈದಕ್ಕೂ ಬಿಳಿಗೆರೆ ಇದೆ, ಲೆನ್ಸು ಕೂರಿಸಿದರೆ ತಾನಾಗಿಯೇ ಬರುತ್ತದೆ.

ಹಿಡಿ ಅಕ್ಕನಿಗೆ ಒಂದು ದಿನವೂ ತಿವಿಯಲಿಲ್ಲ. ಅದಕ್ಕೇ ಒಂದು ಪ್ರಶ್ನೆ, ಸುತ್ತುಬಳಸದೆ ಉತ್ತರ ಕೊಡಿ. ನೀವು ಈಗ ಯಾವ ಕಣ್ಣಿನಿಂದ ನೋಡುತ್ತಿದ್ದೀರಿ?

ಗುಬ್ಬಿ


ಆಗಸ್ಟ್ ೯

ಗುಬ್ಬಿ,

ಉತ್ತರ ತಡವಾಯಿತು. ಮೂವತ್ತೈದರ ಜೊತೆ ತಿರುಗಾಡುತ್ತಿದ್ದೆ. ಎಷ್ಟು ಪುಟ್ಟ ಲೆನ್ಸೇ ಅದು, ಹಾಕಿದ ಮೇಲೆ ಕ್ಯಾಮೆರಾ ಅಂಗಿ ಜೇಬಿಗೆ ಬರುತ್ತೇನೆ ಎನ್ನುತ್ತದೆ. ಬೀದಿಯನ್ನು ಬಾಚಿ ತಬ್ಬಿಕೊಳ್ಳುತ್ತದೆ. ಇಸ್ತ್ರಿ ಅಂಗಡಿಯವರ ಮನೆಯವರೆಲ್ಲ, ಬಟ್ಟೆ ಗಂಟಿನ ಮೇಲೆ ಮಲಗಿದ್ದ ಬೆಕ್ಕಿನ ಸಮೇತ ಒಂದೇ ಚಿತ್ರದಲ್ಲಿ ಬಂದರು. ಐವತ್ತರಲ್ಲಾಗಿದ್ದರೆ ಬೆಕ್ಕೋ ಇಲ್ಲ ಆ ಮನೆಯ ಅತ್ತೆಯೋ, ಯಾರಾದರೊಬ್ಬರು ಹೊರಗೆ ಉಳಿಯಬೇಕಿತ್ತು. ನೆರಳುಬಳೆ ಹಾಕಿದರೆ ಕಿಂಡಿಯ ಕೆಳಮೂಲೆಯಲ್ಲಿ ಅದೇ ಅಡ್ಡ ಬಂದು ಕೂರುತ್ತದೆ, ಆದರೆ ಚಿತ್ರದಲ್ಲಿ ಬರುವುದಿಲ್ಲವಲ್ಲ, ಇರಲಿ ಎಂದು ಬಿಟ್ಟಿದ್ದೇನೆ. ಹಳದಿ ಫಿಲ್ಟರು ಹಾಕಿದರೆ ಮೋಡ ಎದ್ದು ಬರುತ್ತದಂತೆ, ಹೌದೇ? ಕೊರಳ ಪಟ್ಟಿ ಬಿಟ್ಟು ಮುಂಗೈಗೆ ಸುತ್ತುವ ಪಟ್ಟಿ ಒಳ್ಳೆಯದೇ? ಇದರ ಬಗ್ಗೆ ಬರೆ.

ಈಗ ದೂರು. ಈ ಲೆನ್ಸು ಸರಿಯಿಲ್ಲ. ಮೊನ್ನೆ ನಮ್ಮ ಹಳೆಯ ಕಚೇರಿಗೆ ಹೋಗಿದ್ದೆ. ನೀರು ಸರಬರಾಜಿನ ಆ ನಕ್ಷೆ ಕೋಣೆಯನ್ನು ಖಾಲಿ ಮಾಡುತ್ತಿದ್ದಾರೆ, ಒಂದು ಚಿತ್ರ ಇರಲಿ ಎಂದು. ನನ್ನ ಮೇಜಿದ್ದ ಜಾಗದಲ್ಲಿ ನಿಂತು, ಈ ಸಲ ಹಿಡಿ ಹುಬ್ಬಿಗೆ ತಿವಿಯದ ಹಾಗೆ, ಬಾಗಿಲಿಗೆ ಕಿಂಡಿ ಹಿಡಿದೆ. ಬಾಗಿಲ ಚೌಕಟ್ಟು ನಡುವಿನಲ್ಲಿ ಉಬ್ಬಿದೆ! ಜೀವಮಾನವೆಲ್ಲ ಕೊಳವೆಯ ನಕ್ಷೆ ಬರೆದವನು ನಾನು. ನೆಟ್ಟಗಿನ ಗೆರೆ ಯಾವುದು, ಡೊಂಕು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇಷ್ಟು ವರ್ಷ ಅದೇ ಬಾಗಿಲಲ್ಲಿ ಹೋಗಿ ಬಂದಿದ್ದೇನೆ, ಅದು ನೆಟ್ಟಗಿದೆ. ಅಗಲದ ಲೆನ್ಸುಗಳು ಗೆರೆಯನ್ನು ಬಗ್ಗಿಸುತ್ತವೆ ಎಂದು ನೀನೇ ಎಂದೋ ಹೇಳಿದ್ದೆ. ಇಷ್ಟು ಬಗ್ಗಿಸುತ್ತವೆ ಎಂದು ಹೇಳಿರಲಿಲ್ಲ. ಲೆನ್ಸು ತೆಗೆದಿಟ್ಟ ಮೇಲೂ ಮನೆಯ ಕಿಟಕಿ ಸರಳುಗಳು ಸಂಜೆಯವರೆಗೂ ಹಾಗೇ ಕಂಡವು ನೋಡು. ಅದರ ಅಮಲು ಇಳಿಯಲು ಹೊತ್ತು ಹಿಡಿಯುತ್ತದೆಯೋ ಏನೋ.

ಲೆನ್ಸು ವಾಪಸು ಕಳಿಸಿದ್ದೇನೆ, ರೋಲೂ ಇದೆ. ನೀನು ಏನೋ ಕೇಳಿದ್ದೆ, ಆ ಪತ್ರ ಎಲ್ಲಿಟ್ಟೆನೋ ಸಿಗುತ್ತಿಲ್ಲ.

ನಿನ್ನ ಭಾವ


ಆಗಸ್ಟ್ ೧೮

ಭಾವ,

ನನ್ನ ಪತ್ರ ಸಿಕ್ಕದಿದ್ದರೆ ಬೇಡ, ಈ ಪತ್ರವನ್ನಾದರೂ ಕಳೆಯಬೇಡಿ.

ನಕ್ಷೆ ಕೋಣೆಯ ಬಾಗಿಲು ಪ್ರಿಂಟಿನಲ್ಲಿ ಗಾರೆಯವನು ತೂಕದ ಗುಂಡು ಇಳಿಬಿಟ್ಟ ಹಾಗೆ ನೆಟ್ಟಗಿದೆ. ಪ್ರಿಂಟು ಒಳಗಿಟ್ಟಿದ್ದೇನೆ, ಅಳತೆಪಟ್ಟಿಯಿಟ್ಟು ನೋಡಿ. ಲೆನ್ಸು ಬಗ್ಗಿಸಿದ್ದರೆ ಪ್ರಿಂಟಿನಲ್ಲಿ ಬಗ್ಗಬೇಕಿತ್ತು. ಕಿಂಡಿಯಲ್ಲಿ ಬಗ್ಗುವುದು ಹೇಗೆ? ಈ ಕ್ಯಾಮೆರಾದಲ್ಲಿ ನೀವು ಲೆನ್ಸಿನ ಮೂಲಕ ನೋಡುವುದೇ ಇಲ್ಲ. ಯಾವ ಲೆನ್ಸು ಹಾಕಿದರೂ, ಹಾಕದೇ ಹೋದರೂ ಕಿಂಡಿಯಲ್ಲಿ ಕಾಣುವ ಬಾಗಿಲು ಒಂದೇ. ಡೊಂಕು ಲೆನ್ಸಿನದಲ್ಲ, ಕ್ಯಾಮೆರಾದ್ದೂ ಅಲ್ಲ, ಭಾವ. ನಿಮ್ಮ ಬಲಗಣ್ಣಿನದು.

ಜೂನ್‌ನಿಂದ ನೀವು ಕೇಳಿದ್ದನ್ನೆಲ್ಲ ಸಾಲಾಗಿ ಇಟ್ಟುಕೊಂಡು ಕೂತೆ. ಮೊದಲು ದೊಡ್ಡದು ಮಾಡುವ ಗಾಜು. ಆಮೇಲೆ ಹೊಂದಿಸುವ ಕೆಲಸವೇ ಬೇಡದ ಲೆನ್ಸು. ಕನ್ನಡಕದ ಎಡಗಾಜಿನ ಮೇಲೆ ಗೀರು. ಬಲಗಣ್ಣಿನಿಂದ ನೋಡುವವರಿಗೆ ಎಡಗಾಜು ಕಿಂಡಿಗೆ ತಾಗುವುದೇ ಇಲ್ಲ. ಬಲಗಣ್ಣಿಟ್ಟರೆ ಮುಖ ಕ್ಯಾಮೆರಾದ ಆಚೆಗಿರುತ್ತದೆ, ಹಿಡಿ ಗಾಳಿಯಲ್ಲಿ ತಿರುಗುತ್ತದೆ. ಎಡಗಣ್ಣಿಟ್ಟವರಿಗೆ ಮಾತ್ರ ಅದು ಹುಬ್ಬಿಗೆ ತಿವಿಯುವುದು. ನಾನು ನಿಮಗೆ ಕಲಿಸಿದ್ದು ಬಲಗಣ್ಣಿನಲ್ಲಿ. ಪತ್ರಿಕೆಯ ಪರೀಕ್ಷೆಯಲ್ಲಿ ಚೂಪಾಗಿ ಬಂದವು ಎಡಗಣ್ಣಿನವು, ಹಿಂದುಮುಂದಾದವು ಬಲಗಣ್ಣಿನವು. ಸುಳ್ಳೇ? ನಿಮಗೆ ಗೊತ್ತಿತ್ತು. ನನ್ನ ಕೈಯಲ್ಲಿ ಹೇಳಲಿಲ್ಲ, ಅಷ್ಟೇ.

ನಮ್ಮ ಸ್ಟುಡಿಯೋದಲ್ಲಿ ಪ್ರಿಂಟಿಗೆ ಟಚಪ್ ಮಾಡುತ್ತಿದ್ದವರೊಬ್ಬರಿಗೆ ಹೀಗೇ ಗೆರೆಗಳು ಬಗ್ಗತೊಡಗಿದ್ದವು. ಕುಂಚ ಬದಲಾಯಿಸಿದರು, ದೀಪ ಬದಲಾಯಿಸಿದರು, ಕುರ್ಚಿ ಬದಲಾಯಿಸಿದರು. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ನೋಟದ ನಡುವಿನದು ಹೋಗಿಬಿಟ್ಟಿತ್ತು. ಹೋದದ್ದು ಬರಲಿಲ್ಲ.

ಈ ವಾರವೇ ಕಣ್ಣು ತೋರಿಸಿ. ಇಲ್ಲವೆಂದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ಗುಬ್ಬಿ


ಆಗಸ್ಟ್ ೨೪

ಗುಬ್ಬಿ,

ನೀನು ಪ್ರಿಂಟು ಹಾಕುವವಳು. ಡಾಕ್ಟರಲ್ಲ.

ನಿಮ್ಮಕ್ಕನಿಗೂ ಡಾಕ್ಟರು ಒಂದು ಸಣ್ಣ ಪರೀಕ್ಷೆ ಎಂದೇ ಹೇಳಿದ್ದು. ಚಪ್ಪಲಿ ಹಾಕಿಕೊಂಡು ನಡೆದೇ ಆಸ್ಪತ್ರೆಯ ಒಳಗೆ ಹೋದಳು, ಬಾಗಿಲಲ್ಲಿ ತಿರುಗಿ “ಹಾಲು ಒಲೆ ಮೇಲಿದೆ, ನೆನಪಿರಲಿ” ಅಂದಳು. ಆ ಚಪ್ಪಲಿಯನ್ನು ನಾನು ಒಂದು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ. ಯಾರದೂ ತಪ್ಪಿಲ್ಲ, ಇದ್ದ ಕಾಯಿಲೆ ಅಂದು ಗೊತ್ತಾಯಿತು ಅಷ್ಟೇ ಎಂದು ಎಲ್ಲರೂ ಹೇಳಿದರು. ಹೌದು. ಗೊತ್ತಾಗುವವರೆಗೂ ಅವಳು ಚೆನ್ನಾಗಿಯೇ ಇದ್ದಳಲ್ಲ.

ನನಗೆ ಎಡಗಣ್ಣಿದೆ. ಬೇಕಾದಷ್ಟಾಯಿತು. ಬರಬೇಡ. ರೋಲೊಂದು ಕಳಿಸಿದ್ದೇನೆ.

ಭಾವ


ಆಗಸ್ಟ್ ೩೦

ಭಾವ,

ಸರಿ, ಬರುವುದಿಲ್ಲ. ಆದರೆ ರೋಲನ್ನೂ ತೊಳೆಯುವುದಿಲ್ಲ. ಡಬ್ಬಿಯಲ್ಲೇ ಇದೆ. ನೀವು ಕಣ್ಣು ತೋರಿಸಿಕೊಂಡು ಬಂದ ದಿನ ತೊಳೆಯುತ್ತೇನೆ. ಬೇರೆ ಯಾರ ಹತ್ತಿರವಾದರೂ ತೊಳೆಸುತ್ತೇನೆ ಎಂದರೆ ತೊಳೆಸಿ, ಆ ಹಾಳು ಪ್ರಿಂಟನ್ನು ನೋಡಿಕೊಂಡು ಕೂತಿರಿ.

ಹೆದರಿಕೆಯಾಗಿದೆ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತಲ್ಲ ಭಾವ. ಯಾಕೆ ಇಷ್ಟು ಲೆನ್ಸು ತರಿಸಿದಿರಿ?

ಅಕ್ಕನಿಗೆ ಗೊತ್ತಾದ ದಿನ ಎಲ್ಲ ಮುಗಿದಿತ್ತು. ನಿಮಗಿನ್ನೂ ಮುಗಿದಿಲ್ಲ. ಅಷ್ಟೇ ವ್ಯತ್ಯಾಸ.

ಗುಬ್ಬಿ


ಸೆಪ್ಟೆಂಬರ್ ೧೨

ಗುಬ್ಬಿ,

ಹೋಗಿದ್ದೆ. ರೋಲು ತೊಳೆ.

ದರ್ಜಿ ಅಂಗಡಿ ಮುಚ್ಚಿ ಜೊತೆಗೆ ಬಂದ. ಬೇಡ ಎಂದೆ. “ನೀವು ಮೆಟ್ಟಿಲು ಕಾಣದೆ ಎರಡೆರಡು ಇಳಿಯೋದು ನೋಡಿದೀನಿ ಸಾರ್, ನಡೀರಿ” ಅಂದ. ಆಸ್ಪತ್ರೆಯ ಬಾಗಿಲಲ್ಲಿ ನನ್ನ ಕಾಲು ನಿಂತುಹೋಯಿತು. ಅವನು ನನ್ನ ಅಂಗಿಯ ತೋಳು ಹಿಡಿದುಕೊಂಡು, “ಈ ಹೊಲಿಗೆ ಯಾರು ಹಾಕಿದ್ದು ಸಾರ್, ಇಷ್ಟು ಕೆಟ್ಟದಾಗಿ?” ಎನ್ನುತ್ತ ಒಳಗೆ ಎಳೆದುಕೊಂಡು ಹೋದ. ಹಾಕಿದ್ದು ಅವನೇ.

ಕಣ್ಣಿಗೆ ಏನೋ ಹನಿ ಹಾಕಿ ಕೂರಿಸಿದರು. ಡಾಕ್ಟರಮ್ಮ ಚಿಕ್ಕವಯಸ್ಸಿನವಳು, ಮಾತು ನಿನ್ನ ಹಾಗೇ.

“ಯಾವಾಗಿಂದ ಹೀಗೆ ಕಾಣ್ತಿದೆ?”

“ಸ್ವಲ್ಪ ದಿನ ಆಯ್ತಮ್ಮ.”

“ಸ್ವಲ್ಪ ಅಂದ್ರೆ?”

“ಬೇಸಿಗೆಯಿಂದ ಮೇಡಂ” ಎಂದು ದರ್ಜಿ ಹಿಂದಿನಿಂದ ಬಾಯಿ ಹಾಕಿದ. “ಆವಾಗ್ಲೇ ನನ್ನ ಅಂಗಿಗೆ ಎಷ್ಟು ಗುಂಡಿ ಇದೆ ಅಂದ್ರೆ ಲೆಕ್ಕ ತಪ್ತಿದ್ರು.”

ಅವಳು ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು. ಬಲಗಣ್ಣಿನ ರೆಟಿನಾ ಎಂಬ ಹಿಂಪರದೆಯ ಕೆಳಗೆ ನೀರು ಸೋರಿ ಪರದೆ ಉಬ್ಬಿದೆಯಂತೆ. ನೀರು ಸೋರುವುದು! ಜೀವಮಾನವೆಲ್ಲ ಊರಿನ ಕೊಳವೆ ಸೋರದ ಹಾಗೆ ನಕ್ಷೆ ಬರೆದವನಿಗೆ. ನಾನು ನಕ್ಕುಬಿಟ್ಟೆ, ಅವಳಿಗೆ ಅರ್ಥವಾಗಲಿಲ್ಲ.

“ಕಣ್ಣಿನೊಳಗೆ ಇಂಜೆಕ್ಷನ್ ಕೊಡ್ತೀವಿ. ಮರಗಟ್ಟಿಸ್ತೀವಿ, ನೋಯಲ್ಲ. ತಿಂಗಳಿಗೊಂದು, ಎಷ್ಟು ಬೇಕೋ ಆಮೇಲೆ ನೋಡೋಣ.”

“ಮೊದಲಿನ ಹಾಗೆ ಆಗುತ್ತಾ?”

“ಹೋದದ್ದೆಲ್ಲ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಇರೋದನ್ನ ಉಳಿಸ್ಕೊಳ್ಳೋಣ. ಇನ್ನೊಂದು ಕಣ್ಣಿಗೂ ಬರಬಹುದು. ಅದನ್ನ ಮಾತ್ರ ದಿನಾ ಕಾಯ್ಕೋಬೇಕು ನೀವು.”

ಮುಂದಿನ ಗುರುವಾರ ಮೊದಲ ಸೂಜಿ. ಕಣ್ಣಿಗೆ ಸೂಜಿ ಗುಬ್ಬಿ! ಬರೆಯುವಾಗಲೇ ರೆಪ್ಪೆ ಮುಚ್ಚಿಕೊಳ್ಳುತ್ತಿದೆ. ನೀನು ಕೇಳಿದ ಸಾಲು ಇದೋ ಬರೆಯುತ್ತೇನೆ. ನನಗೆ ಹೆದರಿಕೆಯಾಗಿದೆ. ಬಾ. ದರ್ಜಿಯೂ ಬರುತ್ತಾನೆ, ಆದರೆ ಅವನ ಹತ್ತಿರ ನಿಮ್ಮಕ್ಕನ ವಿಷಯ ಮಾತಾಡಲಾಗುವುದಿಲ್ಲ. ಸುಮ್ಮನೆ ಹೊರಗಿನ ಬೆಂಚಿನ ಮೇಲೆ ಕೂತಿರು ಸಾಕು. ನಿನ್ನ ಕಿವಿಗೆ ಕೇಳಿಸದಿದ್ದರೂ ನಡೆಯುತ್ತದೆ, ನಾನು ಹೇಳುತ್ತಿರುತ್ತೇನೆ.

ಡಾಕ್ಟರಮ್ಮ ಒಂದು ಕಾಗದ ಕೊಟ್ಟಿದ್ದಾಳೆ, ನಮ್ಮ ನಕ್ಷೆ ಕಾಗದದ ಹಾಗೇ ಚೌಕಳಿ, ನಡುವೆ ಒಂದು ಚುಕ್ಕೆ. ಅದನ್ನು ಗೋಡೆಗೆ ಅಂಟಿಸಿ, ದಿನಾ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಚುಕ್ಕೆಯನ್ನೇ ನೋಡಬೇಕು. ಗೆರೆ ಎಲ್ಲಾದರೂ ಬಗ್ಗಿದರೆ, ಮಬ್ಬಾದರೆ ಅಂದೇ ಓಡಬೇಕು. ಕಿಟಕಿಯ ಪಕ್ಕದಲ್ಲಿ ಅಂಟಿಸಿದ್ದೇನೆ. ಬಲಗಣ್ಣಿನಲ್ಲಿ ಚುಕ್ಕೆಯ ಸುತ್ತ ಗೆರೆಗಳೆಲ್ಲ ಸುಳಿ ಬಿದ್ದಿವೆ, ಅದು ಗೊತ್ತಿರುವುದೇ. ಎಡಗಣ್ಣು ಈ ಮೂರು ದಿನವೂ ನೆಟ್ಟಗಿತ್ತು. ಬೆಳಿಗ್ಗೆ ನೋಡಿದೆ, ಮಧ್ಯಾಹ್ನ ನೋಡಿದೆ, ನೆಟ್ಟಗಿತ್ತು. ದಿನಕ್ಕೊಮ್ಮೆ ಸಾಕು ಎಂದಿದ್ದಳು. ‘ಟ್ರಸ್ಟ್ ಬಟ್…’ ಏನೋ ಇದೆಯಲ್ಲ, ಹಾಗೆ.

ಈಗ ಇಷ್ಟು ಬರೆದು ಎದ್ದು ಹೋಗಿ ಇನ್ನೊಮ್ಮೆ ನೋಡಿದೆ. ಎಡಗಣ್ಣಿನಲ್ಲಿ ಕೆಳಗಿನ ಮೂಲೆಯ ಚೌಕಗಳು ಕಾಣಲಿಲ್ಲ.  ಕಣ್ಣು ಉಜ್ಜಿ ನೋಡಿದೆ, ಮಬ್ಬು. ಕನ್ನಡಕ ಒರೆಸಿ ನೋಡಿದೆ, ಮಬ್ಬು ಇನ್ನೊಂದು ಸಾಲು ಮೇಲಕ್ಕೆ ಬಂದಿದೆ. ಗೋಡೆ ಹಿಡಿದು ಸುತ್ತ ನೋಡಿದೆ. ಆಮೇಲೆ ಪಕ್ಕದ ಗಡಿಯಾರವೂ ಮಬ್ಬು, ಅದರ ಕೆಳಗಿನ ಕುರ್ಚಿಯೂ ಮಬ್ಬು, ಈ ಕಾಗದದ ಮೇಲೆ ನಾನು ಬರೆದ ಸಾಲೂ ಸರಿಯಾಗಿ ಕಾಣುತ್ತಿಲ್ಲ. ಹೊರಗೆ ನೋಡಿದರೆ ಬೀದಿಯೂ ಹಾಗೇ ಇದೆ.

ಸಂಜೆಯಾಗಿದೆ, ಬೆಳಕು ಹೋಗುತ್ತಿದೆ. ಅಷ್ಟೇ ಇರಬೇಕು. ದೀಪ ಹಾಕಲು ಏಳುತ್ತೇನೆ.

ನಿನ್ನ ಭಾವ